ವಿಷಯಗಳಿಗೂ ಒಂದು ಜಾತಿ ಪ್ರಮಾಣಪತ್ರ ಕೊಡಿಸಿ

ವೈದ್ಯಕೀಯ ಸೀಟಿಗೆ ಅರ್ಹತೆ ಗೊತ್ತುಮಾಡುವ ಮಹನೀಯರಿಗೆ, ಸವಣೂರು ತಾಲೂಕಿನ ಯಲವಿಗಿಯಿಂದ ಒಬ್ಬ ಪಾಲಕನ ಸಾಷ್ಟಾಂಗ ನಮಸ್ಕಾರಗಳು.

ಮಗಳು ದ್ವಿತೀಯ ಪಿಯುಸಿ ಪಾಸಾದಳು. ಆರು ವಿಷಯ, 600 ಅಂಕ. ಓಣಿಗೆಲ್ಲ ಪೇಢೆ ಹಂಚಿದ ಮೇಲೆ ತಿಳಿಯಿತು, ನಿಮ್ಮ ಪಂಕ್ತಿಯಲ್ಲಿ ಎಲೆ ಹಾಕುವುದು ಮೂರಕ್ಕೆ ಮಾತ್ರವಂತೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಒಳಗೆ ಕೂತು ಉಣ್ಣಬೇಕು. ಇಂಗ್ಲಿಷು ಪಾಸಾಗಿದ್ದರೆ ಹೊಸ್ತಿಲವರೆಗೆ ಬರಬಹುದು. ಕನ್ನಡ, ಗಣಿತ ಅಂಗಳಕ್ಕೂ ಬೇಡ. ಒಳಗಿನ ಮೂರಾದರೂ ಸುಖವಾಗಿವೆಯೇ ಅಂದರೆ, ಅರ್ಹತೆಗೆ ಬೇಕಾದಷ್ಟು ಅಂಕ ತೋರಿಸಿದ ಕೂಡಲೇ ಅವನ್ನೂ ಎಬ್ಬಿಸುತ್ತೀರಿ. ಆಮೇಲೆ ನೀಟ್‌ನ 720 ಅಂಕದ್ದೇ ಆಟ. ಅದರಲ್ಲಿ 360 ಜೀವಶಾಸ್ತ್ರದ್ದು.

ಗಣಿತ ಮಾಡಿದ ತಪ್ಪೇನು ಸ್ವಾಮಿ? ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕಕ್ಕೆ ಅರ್ಧ ತೂಕ. ಅಲ್ಲಿ ಗಣಿತವೇ ಯಜಮಾನ, ಜೀವಶಾಸ್ತ್ರ ಹೊರಗೆ. ಅಮೆರಿಕದ ವೈದ್ಯಕೀಯ ಅರ್ಜಿಯಲ್ಲಂತೂ ಜೀವ, ರಸಾಯನ, ಭೌತದ ಜೊತೆ ಗಣಿತವನ್ನೂ ಸೇರಿಸಿ ವಿಜ್ಞಾನದ ಸರಾಸರಿ ತೆಗೆಯುತ್ತಾರೆ. ಯಾವ ಕೋರ್ಸು ಯಾವ ಗುಂಪಿನದು ಅಂತ ಅರ್ಜಿದಾರನೇ ಬರೆಯುವುದು, ಅವರು ತಾಳೆ ನೋಡುವುದು. ಸಂಖ್ಯಾಶಾಸ್ತ್ರದಲ್ಲಿ ‘ಎ’ ತೆಗೆದವನ ವಿಜ್ಞಾನದ ಸರಾಸರಿ ಏರುತ್ತದೆ, ಮನಃಶಾಸ್ತ್ರದಲ್ಲಿ ತೆಗೆದವನದು ಇದ್ದಲ್ಲೇ ಇರುತ್ತದೆ. ಸಮುದ್ರ ದಾಟಿದರೆ ಕುಲ ಕೆಡುತ್ತದೆ ಅನ್ನುತ್ತಿದ್ದರು. ಗಣಿತಕ್ಕೆ ಅಲ್ಲಿಗೆ ಹೋದ ಮೇಲೇ ಕುಲ ಸಿಕ್ಕಿತು.

ನೀವು ಕರುಣೆಯಿಲ್ಲದವರು ಅನ್ನಲಾರೆ. ಜೈವಿಕ ತಂತ್ರಜ್ಞಾನವನ್ನು ಜೀವಶಾಸ್ತ್ರದ ಬಳಗಕ್ಕೆ ಸೇರಿಸಿಕೊಂಡಿದ್ದೀರಿ. ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದವರಿಗೂ 2023ರ ನವೆಂಬರಿನಲ್ಲಿ ಬಾಗಿಲು ತೆರೆದಿರಿ.

ನನ್ನ ತಲೆ ಕೆಟ್ಟದ್ದು ಕನ್ನಡದ ವಿಷಯಕ್ಕೆ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಕೋಟಾದಲ್ಲಿ ಶೇ 5, ಹಳ್ಳಿಯಲ್ಲಿ ಓದಿದವರಿಗೆ ಶೇ 15 ಮೀಸಲು. ಮಗಳ ಎರಡೂ ಪ್ರಮಾಣಪತ್ರಕ್ಕೆ ಸಹಿ, ಶಿಕ್ಕಾ ಆದವು. ಅಂದರೆ ಕನ್ನಡದಲ್ಲಿ ಓದಿದ್ದಕ್ಕೆ ಬೆಲೆ ಉಂಟು, ಕನ್ನಡವನ್ನು ಚೆನ್ನಾಗಿ ಓದಿದ್ದಕ್ಕೆ ಇಲ್ಲ! ಸೀಟು ಸಿಕ್ಕವರಿಗೆ ಮಾತ್ರ, 2019ರ ಪಠ್ಯಕ್ರಮ ಬಂದಾಗಿನಿಂದ, ಆರಂಭದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆ ಕಲಿಸುತ್ತೀರಿ. ಕನ್ನಡ ಬರುವವಳನ್ನು ಎಣಿಸದೆ, ಬಾರದವನನ್ನು ಒಳಗೆ ಕರೆದು ಕಲಿಸುವ ಈ ಜಾಣತನಕ್ಕೆ ಶರಣು. ನಾಳೆ ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೆ ನಮ್ಮೂರ ಆಯಿ ಬಂದು “ಹೊಟ್ಯಾಗ ಕಡೀತೈತ್ರಿ, ಎದಿ ಝುಂ ಅಂತೈತಿ” ಅಂದರೆ, ಡಾಕ್ಟರು ಆ ತರಗತಿಯ ನೋಟ್ಸು ತೆರೆದು ನೋಡಿಕೊಳ್ಳಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಕನ್ನಡ, ಗಣಿತ ಎರಡಕ್ಕೂ ವಿಜ್ಞಾನದ ಜಾತಿ ಪ್ರಮಾಣಪತ್ರ ಬೇಕಾಗಿದೆ. ಅರ್ಜಿಯನ್ನು ಸವಣೂರಿನ ತಹಶೀಲ್ದಾರ್ ಕಚೇರಿಗೆ ಕೊಡಬೇಕೋ, ದಿಲ್ಲಿಗೆ ಕಳಿಸಬೇಕೋ ತಿಳಿಸಿ. ದಿಲ್ಲಿಗಾದರೆ ಕನ್ನಡದಲ್ಲಿ ಬರೆದದ್ದು ನಡೆಯುತ್ತದೆಯೇ ಅನ್ನುವುದನ್ನೂ ತಿಳಿಸಿ.

ಇತಿ,
ಯಲವಿಗಿಯ ಒಬ್ಬ ಪಾಲಕ

ಅಡಕ: ಅಂಕಪಟ್ಟಿಯ ನಕಲು. ಮೂರು ವಿಷಯ ನೋಡಿದರೆ ಸಾಕು.