ಆರು ಪದರದ ಸೊಸೆ

ಚಳಿಗಾಲದಲ್ಲಿ ಮನುಷ್ಯರಾದವರು ಹೀಟರ್ ಪಕ್ಕ ಕೂತು ಮೆಣಸಿನಕಾಯಿ ಬಜ್ಜಿ ತಿನ್ನಬೇಕು ಎಂಬುದು ನನ್ನ ಮತ. ಮದುವೆಯಾದಾಗಿನಿಂದ ಈ ಮತಕ್ಕೆ ಮನೆಯಲ್ಲಿ ಬಹುಮತ ಸಿಕ್ಕಿಲ್ಲ. ಹೊರಗೆ ಹಿಮ ಬಿತ್ತೆಂದರೆ ನಮ್ಮವರ ಕಾಲು ಮನೆಯೊಳಗೆ ನಿಲ್ಲುವುದಿಲ್ಲ. ಈ ಸಲವಂತೂ ಸಾಗರದಿಂದ ಅತ್ತೆ ಬಂದಿದ್ದರು. "ಅಮ್ಮನಿಗೆ ಹೆಪ್ಪುಗಟ್ಟಿದ ಜಲಪಾತ ತೋರಿಸಲೇಬೇಕು" ಎಂದು ಅಮೆರಿಕದ ನೇಪರ್‌ವಿಲ್‌ನ ನಮ್ಮ ಮನೆಯಿಂದ ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿಯ ಸ್ಟಾರ್ವ್ಡ್ ರಾಕ್ ಉದ್ಯಾನಕ್ಕೆ ನಮ್ಮನ್ನು ಹೊರಡಿಸಿದರು. ಜೋಗದ 830 ಅಡಿ ನೋಡುತ್ತ ಬೆಳೆದವರಿಗೆ ಜಲಪಾತ ತೋರಿಸುವುದೆಂದರೆ ತಿಪಟೂರಿನವರಿಗೆ ತೆಂಗಿನಕಾಯಿ ತೋರಿಸಿದಂತೆ ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಚಳಿ ಎಷ್ಟಿದೆಯೋ?" ಎಂದು ಅತ್ತೆ ಕೇಳಿದರು.

"ಹದಿನಾಲ್ಕು ಡಿಗ್ರಿ ಅಷ್ಟೇ ಅಮ್ಮ."

"ಅಷ್ಟೇಯಾ? ಬೆಂಗಳೂರಲ್ಲೂ ಡಿಸೆಂಬರಿನಲ್ಲಿ ಅಷ್ಟಿರ್ತದೆ."

ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ ಹತ್ತು ಎಂದು ಸುಪುತ್ರ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಸೊಸೆ ಎಲ್ಲವನ್ನೂ ಹೇಳಬಾರದು.

ಹಿಂದಿನ ದಿನವೇ ನಾನು ಬೂಟಿಗೆ ಐಸ್ ಕ್ಲೀಟ್ಸ್ ಏರಿಸಿ ತಾಲೀಮು ನಡೆಸಿದ್ದೆ. ರಬ್ಬರ್ ಪಟ್ಟಿಗೆ ಉಕ್ಕಿನ ಮುಳ್ಳುಗಳು. ಹಿಮದ ಮೇಲೆ ಬಹಳ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಹಾಲಿನ ಮರದ ನೆಲವನ್ನೂ ಅಷ್ಟೇ ಚೆನ್ನಾಗಿ ಕಚ್ಚಿಕೊಳ್ಳುತ್ತವೆ. ಸೋಫಾದಿಂದ ಟಿವಿಯವರೆಗೆ ಮೂಡಿದ ಗೀರುಗಳನ್ನು ನೋಡಿ ಅತ್ತೆ, "ಇಲ್ಲಿ ಯಾರು ಕೂತು ಕಾಯಿ ತುರಿದದ್ದು ಮಾರಾಯ್ತಿ?" ಎಂದರು. ಈಗ ಅಲ್ಲೊಂದು ಚಾಪೆ ಹಾಸಿದೆ.

ಹೊರಡುವ ದಿನ ಬಟ್ಟೆ ತೊಡುವುದೇ ಒಂದು ಚಾರಣ. ಮೈಗಂಟಿ ಹತ್ತಿ ಬಟ್ಟೆ ಇರಕೂಡದು, ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗೆ ಮಾಡುತ್ತದೆ ಎಂದು ನಮ್ಮವರ ಉಪದೇಶ. ಸರಿ, ಥರ್ಮಲ್, ಅದರ ಮೇಲೆ ಉಣ್ಣೆ, ಅದರ ಮೇಲೆ ಫ್ಲೀಸ್... ಆರನೆಯ ಪದರದ ಜಿಪ್ ಎಳೆದ ಕ್ಷಣಕ್ಕೇ ನನಗೆ ಬಾತ್‌ರೂಮಿನ ನೆನಪಾಯಿತು. ಎಲ್ಲ ಬಿಚ್ಚಿ, ಎಲ್ಲ ತೊಟ್ಟು ಹೊರಬರುವಷ್ಟರಲ್ಲಿ ಅತ್ತೆ ಥರ್ಮಲ್ ಮೇಲೆ ಸೀರೆ, ಸೀರೆ ಮೇಲೆ ಮಗನ ಹಳೇ ಜಾಕೆಟ್, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಕಾರಿನಲ್ಲಿ ಕೂತಾಗಿತ್ತು.

ದಾರಿಯಲ್ಲಿ ನಮ್ಮವರು ಉದ್ಯಾನಕ್ಕೆ ಆ ಹೆಸರು ಕೊಟ್ಟ ಬಂಡೆಯ ಐತಿಹ್ಯ ಹೇಳಿದರು. 1760ರ ದಶಕದಲ್ಲಿ ಇಲಿನಾಯ್ ಬುಡಕಟ್ಟಿನವರನ್ನು ಅದರ ತುದಿಯಲ್ಲಿ ಶತ್ರುಗಳು ಸುತ್ತುಗಟ್ಟಿದರಂತೆ, ಅನ್ನ ನೀರಿಲ್ಲದೆ ಅಲ್ಲೇ ಸತ್ತರಂತೆ. ಅತ್ತೆ "ಅಯ್ಯೋ ಪಾಪ" ಎಂದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತೊಡೆಯ ಮೇಲಿನ ಚೀಲ ಬಿಚ್ಚಿ ಪುಳಿಯೋಗರೆ, ಮೊಸರನ್ನ, ಚಕ್ಕುಲಿಗಳನ್ನು ಮುಟ್ಟಿ ನೋಡಿ, "ಇಷ್ಟು ಸಾಕಾಗ್ತದಾ?" ಎಂದರು.

ಹಿಮಯುಗದ ಕೊನೆಯಲ್ಲಿ ಕರಗಿದ ನೀರು ಉಕ್ಕಿ ಹರಿದು ಮರಳುಗಲ್ಲನ್ನು ಕೊರೆದದ್ದರಿಂದ ಅಲ್ಲಿ 18 ಕಮರಿಗಳಾಗಿವೆ. ನಾವು ಹೋದದ್ದು ಹತ್ತಿರದ ಫ್ರೆಂಚ್ ಕ್ಯಾನ್ಯನ್‌ಗೆ. ಉದ್ಯಾನದ ಕಚೇರಿಯಿಂದ ಅರ್ಧ ಮೈಲಿಯೂ ಇಲ್ಲ. ಆದರೆ ಒಳಹೋಗುವ ಬಾಯಿ ಮಾತ್ರ ಒಬ್ಬರೇ ನುಗ್ಗುವಷ್ಟು ಕಿರಿದಾದ, ಇಳಿಜಾರಿನ ಕಲ್ಲಿನ ಕಾಲುವೆ. ಹೆಜ್ಜೆಯಿಡುವ ಗುಳಿಗಳಲ್ಲೆಲ್ಲ ಗಾಜಿನಂಥ ಐಸು. ಅತ್ತೆ ಸೀರೆ ಎತ್ತಿ ಕಟ್ಟಿ, ಗೋಡೆಗೆ ಕೈಕೊಟ್ಟು, ತೋಟದ ಧರೆ ಹತ್ತಿದ ರೂಢಿಯಲ್ಲಿ ಹತ್ತಿಯೇಬಿಟ್ಟರು. ನಾನು ನಾಲ್ಕು ಕಾಲಿನಲ್ಲಿ ಹಿಂಬಾಲಿಸಿದೆ.

ಒಳಗೆ, ಸುಳ್ಳೇಕೆ, ಬಜ್ಜಿ ಮರೆತುಹೋಯಿತು. ಬಂಡೆಯಿಂದ ಸಣ್ಣಗೆ ಸೋರುವ ನೀರು ಪದರದ ಮೇಲೆ ಪದರ ಗಟ್ಟಿಯಾಗಿ ಗೋಡೆ ತುಂಬ ಇಳಿಬಿದ್ದಿತ್ತು. ನಡುವೆ ತೆಳು ನೀಲಿ, ಅಂಚಿನಲ್ಲಿ ಮಣ್ಣಿನ ಹಳದಿ. ಕಿವಿ ಹತ್ತಿರ ಇಟ್ಟರೆ ಒಳಗೆಲ್ಲೋ ನೀರು ತೊಟತೊಟ ಇಳಿಯುತ್ತಲೇ ಇತ್ತು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ತಲೆಯೆತ್ತಿ ನೋಡಿದರು. "ನಮ್ಮಲ್ಲಿ ಲಿಂಗನಮಕ್ಕಿ ಡ್ಯಾಮಿನವರು ಬಾಗಿಲು ಹಾಕಿ ಜೋಗ ನಿಲ್ಲಿಸ್ತಾರೆ. ಇಲ್ಲಿ ದೇವರೇ ಹಾಕಿದಾನೆ, ಅಲ್ಲನಾ?"

ಫೋಟೋ ತೆಗೆಯಲು ನಮ್ಮವರು ದುಬಾರಿ ಫೋನ್ ಎತ್ತಿದರೆ ಅದು ಚಳಿಗೆ ಸತ್ತಿತ್ತು. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಚಳಿಯಲ್ಲಿ ನಿಧಾನವಾಗುತ್ತದೆ ಎಂದು ಅಲ್ಲೇ ಪಾಠ ಶುರುಮಾಡಿದರು. ನಾನು ವಾಪಸು ಹೊರಟೆ.

ಕ್ಲೀಟ್ಸ್ ಬಗ್ಗೆ ನನಗೆ ದೂರಿಲ್ಲ. ಅವು ಇದ್ದದ್ದು ಕಾಲಿಗೆ, ನಾನು ಇಳಿದದ್ದು ಕಾಲಿನ ಮೇಲಲ್ಲ. ನೀರು ತಾಗದಿರಲೆಂದು ತೊಟ್ಟ ಆರನೆಯ ಪದರ ಎಷ್ಟು ನುಣುಪು ಎಂಬುದು ಅವತ್ತು ಗೊತ್ತಾಯಿತು. ಕಾಲುವೆಯ ತಲೆಯಿಂದ ಬುಡದವರೆಗೆ, ಕೆಳಗಿದ್ದ ಇಬ್ಬರು ಅಮೆರಿಕನ್ನರು ಗೌರವದಿಂದ ದಾರಿ ಬಿಟ್ಟುಕೊಡುವಂತೆ, ಬಂದು ನಿಂತೆ.

ಅತ್ತೆಯ ಹಳೇ ಫೋನು ಮಾತ್ರ ಸೀರೆಯ ಮಡಿಕೆಯೊಳಗೆ ಬೆಚ್ಚಗಿತ್ತು. ಮೊಸರನ್ನ ತಿನ್ನುವಷ್ಟರಲ್ಲಿ ವಿಡಿಯೊ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿ, ತಾಳಗುಪ್ಪದ ದೊಡ್ಡಮ್ಮನ ಧ್ವನಿ ಸಂದೇಶವೂ ಬಂದಿತ್ತು:

"ಜಲಪಾತ ತೋರಿಸ್ತೇವೆ ಅಂದ್ರಿ, ಇಡೀ ಹೊತ್ತು ಅವಳೇ ಅಡ್ಡ ಬಂದಿದಾಳಲ್ಲೇ!"