ಡಿಶ್‌ವಾಷರಿಗೆ ಮುಸುರೆ ತಿಳಿಯದು

ಸ್ಯಾನ್ ಆಂಟೋನಿಯೋದಲ್ಲಿ ಸಂಸಾರ ಹೂಡುವ ಕನ್ನಡಿಗರಿಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿನದು ಗಡಸು ನೀರು. ಊರಿಗೆ ನೀರುಣಿಸುವ ಎಡ್ವರ್ಡ್ಸ್ ಅಂತರ್ಜಲ ಇರುವುದೇ ಸುಣ್ಣಕಲ್ಲಿನ ಪದರದಲ್ಲಿ. ಹಾಗಾಗಿ ಡಿಶ್‌ವಾಷರಿಗೆ ಹೋದ ಸ್ಟೀಲ್ ಲೋಟ ವಿಭೂತಿ ಬಳಿದುಕೊಂಡೇ ಹೊರಬರುತ್ತದೆ.

ಊರಿಂದ ಬಂದ ಅತ್ತೆ ಆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಅಳಿಯನನ್ನು ನೇರವಾಗಿ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ನನಗೆ ಕೇಳಿಸುವಷ್ಟು ಜೋರಾಗಿ ಮಗಳಿಗೆ ಹೇಳಿದರು: "ನಿಮ್ಮನೆಯೋರು ತಂದಿರೋ ಮಿಷಿನ್ನು ಚೆನ್ನಾಗಿದೆ ಕಣೇ. ಒಂದಿಷ್ಟು ಮುಸುರೆ ನಾಳೆಗೂ ಉಳಿಸುತ್ತೆ."

"ಅದು ಮುಸುರೆ ಅಲ್ಲ ಅತ್ತೆ, ಕ್ಯಾಲ್ಸಿಯಂ" ಎಂದೆ.

"ಕ್ಯಾಲ್ಸಿಯಂ ಮಾತ್ರೆ ನಾನು ಬೆಳಿಗ್ಗೆನೇ ತಗೊಂಡಿದ್ದೀನಿ ಅಂತ ಹೇಳೇ ಅವರಿಗೆ."

ಅಂದಿನಿಂದ ಹೊಸ ಶಾಸ್ತ್ರ ಶುರುವಾಯಿತು. ಪಾತ್ರೆಗಳನ್ನು ಸಿಂಕಿನಲ್ಲಿ ತಿಕ್ಕಿ ತೊಳೆದು, ಆಮೇಲೆ ಡಿಶ್‌ವಾಷರಿಗೆ ಹಾಕುವುದು. ಎಂಜಲು ತಟ್ಟೆ ಕೆಳಗೆ, ಅನ್ನದ ಪಾತ್ರೆ ಮೇಲೆ. ಒಂದೇ ನೀರು ಮೇಲಕ್ಕೂ ಕೆಳಕ್ಕೂ ಚಿಮ್ಮುತ್ತದೆ ಎಂಬುದನ್ನು ನಾವಿಬ್ಬರೂ ಈವರೆಗೆ ಬಾಯಿ ಬಿಟ್ಟಿಲ್ಲ. ಈಚಿನ ಎಷ್ಟೋ ಯಂತ್ರಗಳಲ್ಲಿ ನೀರು ಎಷ್ಟು ಕದಡಿದೆ ಎಂದು ನೋಡುವ ಸೆನ್ಸರ್ ಇರುತ್ತದೆ; ತೊಳೆದ ಪಾತ್ರೆ ಕಂಡರೆ ಅದು ಕೆಲಸ ಮೊಟಕು ಮಾಡಿಬಿಡುತ್ತದೆ. ಪುಡಿಯಲ್ಲಿರುವ ಎನ್‌ಜೈಮುಗಳಿಗೂ ಕರಗಿಸಲು ಒಂದಿಷ್ಟು ಗಂಜಿ, ಬೇಳೆ ಬೇಕು. ಬಳಿದು ಹಾಕಿ, ತೊಳೆಯಬೇಡಿ ಎನ್ನುತ್ತದೆ ಮ್ಯಾನ್ಯುಯಲ್ಲು. ಬರೆದ ಪುಣ್ಯಾತ್ಮರು ಹುಳಿ ಕುದಿಸಿದ ತಪ್ಪಲೆ ನೋಡಿರಲಾರರು. 1886ರಲ್ಲಿ ಡಿಶ್‌ವಾಷರಿಗೆ ಪೇಟೆಂಟ್ ಪಡೆದ ಇಲಿನಾಯ್‌ನ ಜೋಸೆಫೀನ್ ಕಾಕ್ರನ್‌ಗಿದ್ದದ್ದೂ ಆಳುಗಳ ಕೈಯಲ್ಲಿ ಪಿಂಗಾಣಿ ತಟ್ಟೆಯ ಅಂಚು ಮುಕ್ಕಾಗುವ ಚಿಂತೆ, ಒಗ್ಗರಣೆಯದಲ್ಲ.

ಇಲ್ಲಿ ತಕರಾರಿರುವುದೇ ಒಗ್ಗರಣೆಯದು. ತಳದ ಫಿಲ್ಟರ್ ತಿರುಗಿಸಿ ತೆಗೆದೆ: ಕರಿಬೇವು, ಹುಣಸೆ ನಾರು, ಉಗಾದಿಯ ಕಾಲದ ಕಡಲೆಬೇಳೆ. ನೀರು ಚಿಮ್ಮುವ ತೂತುಗಳಲ್ಲಿ ಸಾಸಿವೆ. ಒಂದೊಂದನ್ನೂ ಹಲ್ಲುಕಡ್ಡಿಯಿಂದ ಎಬ್ಬಿಸಬೇಕಾಯಿತು.

ಬಿಳಿ ಕಲೆಗೆ ರಿನ್ಸ್ ಏಡ್ ತುಂಬಿಸಿದೆ, ಕೊಂಚ ಇಳಿಯಿತು. ಅತ್ತೆ ಹುಣಸೆಹಣ್ಣು ನೆನೆಸಿ ಲೋಟ ಉಜ್ಜಿದರು, ಪೂರ್ತಿ ಹೋಯಿತು. ಸುಣ್ಣವನ್ನು ಕರಗಿಸುವುದು ಹುಳಿಯೇ. ಅದೇ ಕೆಲಸದ ಸಿಟ್ರಿಕ್ ಆಸಿಡ್ ತಂದು, ಖಾಲಿ ಯಂತ್ರಕ್ಕೆ ಹಾಕಿ ಬಿಸಿನೀರಲ್ಲಿ ಓಡಿಸಿದೆ. "ಇದಕ್ಕೂ ಡಾಲರ್ ಕೊಟ್ರಂತಾ, ಕೇಳೇ" ಎಂದರು.

ಅರಿಶಿನದ ಮುಂದೆ ಮಾತ್ರ ಯಾರ ಆಟವೂ ನಡೆಯದು. ಎಣ್ಣೆಯೊಂದಿಗೆ ಪ್ಲಾಸ್ಟಿಕ್ಕಿಗೆ ಇಳಿದ ಅದರ ಬಣ್ಣ ನೀರಿಗೆ ಜಗ್ಗುವುದಿಲ್ಲ. ಬಿಸಿಲಲ್ಲಿಟ್ಟರೆ ಮೆಲ್ಲಗೆ ಮಾಸುತ್ತದೆ. ಟೆಕ್ಸಾಸಿನಲ್ಲಿ ಬಿಸಿಲಿಗೇನು ಬರವಿಲ್ಲ, ಆದರೆ ಪ್ಲಾಸ್ಟಿಕ್ ಡಬ್ಬಿ ಒಣಹಾಕಿಕೊಂಡು ಕೂರಲು ಪುರುಸೊತ್ತು ಯಾರಿಗಿದೆ? ಆದಕಾರಣ ಸಮಸ್ತ ಕನ್ನಡ ಬಂಧುಗಳಲ್ಲಿ ವಿನಂತಿ: ಹೋದ ದೀಪಾವಳಿ ಪಾಟ್‌ಲಕ್ಕಿನಲ್ಲಿ ಉಳಿದ ಬಿಸಿಬೇಳೆಬಾತ್ ತೆಗೆದುಕೊಂಡು ಹೋದವರು ನಮ್ಮ ಸ್ಟೀಲ್ ಡಬ್ಬಿ ವಾಪಸ್ ಕೊಡಿ. ಹಳದಿ ಪ್ಲಾಸ್ಟಿಕ್ಕಿನದು ನೀವೇ ಇಟ್ಟುಕೊಳ್ಳಿ.