ಕೋರ್ ಎಲ್ಲಿ ಹಾಕಿದಿರಿ, ಸ್ವಾಮಿ?

ಶ್ರೀಯುತ ಸೆಗ್ಮೆಂಟೇಶನ್ ಫಾಲ್ಟ್ ಅವರಿಗೆ,
ಸಿಗ್ನಲ್ ಸಂಖ್ಯೆ 11, ಲಿನಕ್ಸ್ ಕರ್ನಲ್

ವಿಷಯ: ಸೋರ್ಸಿನಿಂದ ಕಂಪೈಲ್ ಮಾಡಿದ ಪ್ರೋಗ್ರಾಮ್ ಅಕಾಲ ಮರಣಕ್ಕೀಡಾದ ಬಗ್ಗೆ.

ಮಾನ್ಯರೇ,

ಮೊದಲಿಗೆ ನಿಮ್ಮ ಮಿತಭಾಷೆಗೊಂದು ನಮಸ್ಕಾರ. ಕಾನ್ಫಿಗರ್ ಸ್ಕ್ರಿಪ್ಟು ಕಂಪೈಲರ್ ಇದೆಯೇ, ಇದ್ದರೆ ಕೆಲಸ ಮಾಡುತ್ತದೆಯೇ ಎಂದೆಲ್ಲ ವಿಚಾರಿಸಿ ಸಾಲುಸಾಲಾಗಿ 'ಯೆಸ್' ಬರೆದುಕೊಂಡಿತು. ಮೇಕ್ ಅಂತೂ ಪರದೆ ತುಂಬಾ ಮಾತಾಡಿತು. ಪ್ರೋಗ್ರಾಮ್ ಸತ್ತಾಗ ಮಾತ್ರ ನೀವು ಬಂದು ನಿಮ್ಮ ಹೆಸರು ಹೇಳಿ, ಕಂಸದಲ್ಲಿ 'ಕೋರ್ ಡಂಪ್ಡ್' ಎಂದು ಸೇರಿಸಿ ಹೊರಟೇಬಿಟ್ಟಿರಿ. ಕಾರಣ ಕೇಳಿದರೆ ಶೆಲ್ಲು 139 ಎಂಬ ಅಂಕಿ ಕೊಡುತ್ತದೆ. 128ಕ್ಕೆ ನಿಮ್ಮ 11 ಕೂಡಿಸಿದ್ದು. ಅಂದರೆ ಮತ್ತೆ ನಿಮ್ಮದೇ ಹೆಸರು, ಈ ಸಲ ಅಂಕಿಯಲ್ಲಿ.

ಕೋರ್ ಹಾಕಿದ್ದೀರಿ, ಸಂತೋಷ. ಎಲ್ಲಿ? ಫೋಲ್ಡರಿನಲ್ಲಿ ಇಲ್ಲ. ಕೋರ್ ಪ್ಯಾಟರ್ನ್ ಎಂಬ ಕಡತ ತೆಗೆದರೆ ಮೊದಲಕ್ಷರವೇ ಪೈಪು: ಬಂದ ಕೋರನ್ನು ಇನ್ನೊಂದು ಪ್ರೋಗ್ರಾಮಿಗೆ ರವಾನಿಸತಕ್ಕದ್ದು. ಸಿಸ್ಟಮ್‌ಡಿ ಈ ಕೆಲಸ ನೋಡಿಕೊಳ್ಳುವ ಕಡೆ ಕೋರ್‌ಡಂಪ್‌ಸಿಟಿಎಲ್ ಎಂದರೆ ಅದನ್ನು ತಂದುಕೊಡುತ್ತದೆ. ನನ್ನ ಡಿಸ್ಟ್ರೋದ ಗುಮಾಸ್ತ ಮಾತ್ರ, 'ಈ ಪ್ರೋಗ್ರಾಮ್ ಯಾವ ಪ್ಯಾಕೇಜಿಗೂ ಸೇರಿದ್ದಲ್ಲ, ಕಡೆಗಣಿಸಲಾಗಿದೆ' ಎಂಬ ಅರ್ಥದ ಷರಾ ಬರೆದು ಕೈತೊಳೆದುಕೊಂಡಿದ್ದ. ಮನೆಯಲ್ಲಿ ಕಂಪೈಲ್ ಮಾಡಿಕೊಂಡವರ ಸಾವನ್ನು ಇಲಾಖೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ! ಅವನನ್ನು ದಾಟಿ ಮುಂದೆ ಹೋದರೆ ಯುಲಿಮಿಟ್. ಕೋರ್ ಫೈಲಿಗೆ ಅದು ಮಂಜೂರು ಮಾಡಿದ ಗಾತ್ರ ಸೊನ್ನೆ. ಎರಡೂ ಕಡೆ ತಿದ್ದಿದ ಮೇಲಷ್ಟೇ ಫೈಲಿನ ದರ್ಶನವಾಯಿತು.

ಜಿಡಿಬಿಯಲ್ಲಿ ತೆರೆದು 'ಬಿಟಿ' ಎಂದೆ. ಸಾಲಿಗೊಂದು ಉದ್ದನೆಯ ವಿಳಾಸ, ಪಕ್ಕದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನೆ ಕೇಳಲು ಬಂದವನು ನಾನಲ್ಲವೇ? ಮೇಕ್‌ಫೈಲು ಬರೆದ ಪುಣ್ಯಾತ್ಮರು ಫೈಲು ತೆಳ್ಳಗಿರಲಿ ಎಂದು ಸಿಂಬಲ್‌ಗಳನ್ನೆಲ್ಲ ಸ್ಟ್ರಿಪ್ ಮಾಡಿಸಿದ್ದರು. ಸ್ಟ್ರಿಪ್ ತೆಗೆದು, ಮೈನಸ್ ಜಿ ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ ಬೇಕಾದ ವೇರಿಯಬಲ್ಲೇ 'ಆಪ್ಟಿಮೈಸ್ಡ್ ಔಟ್'. ಆಪ್ಟಿಮೈಸೇಶನ್ ಸೊನ್ನೆಗಿಳಿಸಿದ ಮೇಲೆ ಕೊನೆಗೂ ಆರೋಪಿಯ ಹೆಸರು ಬಂತು: ಮ್ಯಾಲಕ್!

ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಜಗತ್ತಿನ ಅರ್ಧ ಸಾಫ್ಟ್‌ವೇರಿಗೆ ಜಾಗ ಹಂಚುವ ಮ್ಯಾಲಕ್ ನನ್ನೊಬ್ಬನಿಗೆ ಮೋಸ ಮಾಡಿತು ಎಂದು ನಂಬುವಷ್ಟು ಮುಗ್ಧ ನಾನಲ್ಲ. ನಿಧಾನಕ್ಕೆ ಹೆಸರಾದ ವ್ಯಾಲ್‌ಗ್ರಿಂಡ್‌ನ ಮುಂದೆ ಕೇಸು ಹಾಕಿದೆ. ತೆವಳುತ್ತಲೇ ತೀರ್ಪು ಬಂತು: ಬಹಳ ಹಿಂದೆಯೇ, ಬೇರೆಲ್ಲೋ, 56 ಬೈಟಿನ ತುಣುಕಿನ ಆಚೆಗೆ ಯಾರೋ 8 ಬೈಟು ಬರೆದಿದ್ದಾರೆ. ಪಕ್ಕದ ತುಣುಕಿನ ಗಾತ್ರವನ್ನು ಗುರುತು ಹಾಕಿಟ್ಟಿದ್ದ ಜಾಗವದು. ಮ್ಯಾಲಕ್ ಪಾಪ, ಆ ಲೆಕ್ಕವನ್ನೇ ನಂಬಿ ಕಾಲಿಟ್ಟು ಸಿಕ್ಕಿಬಿದ್ದಿತ್ತು.

ಬರೆದದ್ದು ಯಾರು? ಎಲ್‌ಡಿಡಿ ನೋಡಿದರೆ, ಓಡುವಾಗ ಹೊಂದಿಕೊಳ್ಳುವ ಲೈಬ್ರರಿ ಡಿಸ್ಟ್ರೋ ಕೊಟ್ಟ ಹೊಸದು. ಅದರ ಸ್ಟ್ರಕ್ಚರ್ 64 ಬೈಟು. ಕಂಪೈಲರ್ ಓದಿದ್ದು ಯಾವುದೋ ಕಾಲದ ಮೇಕ್ ಇನ್‌ಸ್ಟಾಲ್ ಯುಎಸ್‌ಆರ್ ಲೋಕಲ್‌ನಲ್ಲಿ ಬಿಟ್ಟುಹೋದ ಹಳೆಯ ಹೆಡರನ್ನು. ಅದರ ಪ್ರಕಾರ 56; ಪ್ರೋಗ್ರಾಮ್ ಕಾದಿರಿಸಿದ್ದೂ ಅಷ್ಟೇ, ಲೈಬ್ರರಿ ಬರೆದದ್ದು 64. ಡಿಸ್ಟ್ರೋದ ಹೆಡರುಗಳಿಗಿಂತ ಮೊದಲು ಜಿಸಿಸಿ ಇಣುಕುವುದೇ ಆ ಫೋಲ್ಡರಿಗೆ. ಹೆಡರಿಗೂ ಲೈಬ್ರರಿಗೂ ಜಾತಕ ಕೂಡಿಬರುತ್ತದೆಯೇ ಎಂದು ಅಷ್ಟೆಲ್ಲ ವಿಚಾರಣೆ ನಡೆಸಿದ ಕಾನ್ಫಿಗರ್ ಸ್ಕ್ರಿಪ್ಟೂ ಕೇಳಲಿಲ್ಲ, ಲಿಂಕರೂ ಕೇಳಲಿಲ್ಲ.

ಅಪರಾಧ ನಡೆದಾಗ ನೀವೇಕೆ ಬರಲಿಲ್ಲ ಎಂದರೆ ನಿಮ್ಮ ಉತ್ತರ ಗೊತ್ತು: ನಿಮ್ಮ ಸರಹದ್ದು 4096 ಬೈಟಿನ ಪುಟ. ಪ್ರೋಗ್ರಾಮಿಗೆ ಮಂಜೂರಾದ ಪುಟದೊಳಗೆ ಯಾರು ಯಾರ ಜಾಗ ಒತ್ತುವರಿ ಮಾಡಿದರೂ ಅದು ಸಿವಿಲ್ ವ್ಯಾಜ್ಯ, ನಿಮಗೆ ಸಂಬಂಧವಿಲ್ಲ. ಒತ್ತುವರಿಯಾದ ಕ್ಷಣಕ್ಕೇ ಹಿಡಿದುಕೊಡುವ ಅಡ್ರೆಸ್ ಸ್ಯಾನಿಟೈಸರ್ ಎಂಬ ಅಧಿಕಾರಿಯೂ ಇದ್ದಾರೆ. ಆದರೆ ಬರೆಯುವ ಲೈಬ್ರರಿಯನ್ನು ಕಂಪೈಲ್ ಮಾಡುವಾಗಲೇ ಅರ್ಜಿ ಹಾಕಿ ಕರೆಸಿಕೊಳ್ಳಬೇಕು. ಡಿಸ್ಟ್ರೋದ ಪುಣ್ಯಾತ್ಮರಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ?

ಇಂತಿ ನಿಮ್ಮ ವಿಶ್ವಾಸಿ,
ಯಾವ ಪ್ಯಾಕೇಜಿಗೂ ಸೇರದವನು

ಪ್ರತಿ: ಯುಎಸ್‌ಆರ್ ಲೋಕಲ್ ಇನ್‌ಕ್ಲೂಡ್‌ನಲ್ಲಿ ಬೀಡುಬಿಟ್ಟಿರುವ ಹಳೆಯ ಹೆಡರ್ ಫೈಲಿಗೆ, ಈ ಪತ್ರ ತಲುಪಿದ ಕೂಡಲೇ ಜಾಗ ಖಾಲಿ ಮಾಡುವಂತೆ ಸೂಚಿಸಿ.